ಗಿಡ್ಡದ ಮೇಲೆ ಉದ್ದ, ಉದ್ದದ ಮೇಲೆ ಗಿಡ್ಡ

ಉಪ್ಪಲ್, ಹೈದರಾಬಾದ್
ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿನ್ನಿಗೆ,

ಇಲ್ಲಿ ಬಿಸಿಲು ಕಲಬುರಗಿಯಷ್ಟಿಲ್ಲದಿದ್ದರೂ ಕಡಿಮೆಯೇನೂ ಇಲ್ಲ.

ನಿನಗೆ ಕ್ರೋಶಾ ಬರುವುದೇ ಇಲ್ಲ ಅಂದೆಯಲ್ಲ ಫೋನಿನಲ್ಲಿ, ಆ ಮಾತನ್ನು ನಾನು ಒಪ್ಪುವುದಿಲ್ಲ. ನೀನು ಎಡಗೈಯವಳು. ನೀನು ನೋಡುತ್ತಿರುವ ವಿಡಿಯೊಗಳೆಲ್ಲ ಬಲಗೈಯವರವು. ಬಲಗೈಯವರ ಸಾಲು ಬಲದಿಂದ ಎಡಕ್ಕೆ ಸಾಗುತ್ತದೆ, ನಿನ್ನದು ಎಡದಿಂದ ಬಲಕ್ಕೆ ಸಾಗಬೇಕು. ನೋಡಿದ್ದನ್ನು ತಲೆಯಲ್ಲಿ ತಿರುಗಿಸಿ ಬೆರಳಿಗೆ ಇಳಿಸುವಷ್ಟರಲ್ಲಿ ಆ ಹುಡುಗಿ ಎರಡು ಸಾಲು ಮುಂದೆ ಹೋಗಿರುತ್ತಾಳೆ. ಇದರಲ್ಲಿ ನಿನ್ನ ತಪ್ಪೇನಿದೆ? ಎಡಗೈಯಲ್ಲಿ ಬಳಪ ಹಿಡಿದೆಯೆಂದು ಮುತ್ಯಾ ನಿನ್ನ ಕೈಮೇಲೆ ಹೊಡೆದ ದಿನ ನಾನು ಅಲ್ಲೇ ಇದ್ದೆ. ಆಗಲೂ ನನಗೆ ಅದು ಸರಿ ಕಂಡಿರಲಿಲ್ಲ.

ನಾವಿಬ್ಬರೂ ಎದುರಾಬದುರು ಕೂತಿದ್ದರೆ ನನ್ನ ಬಲಗೈ ನಿನ್ನ ಎಡಗೈಯ ಮುಂದೆಯೇ ಇರುತ್ತಿತ್ತು, ನಾನು ಮಾಡಿದ್ದನ್ನು ನೀನು ಹಾಗೇ ಮಾಡಬಹುದಿತ್ತು. ಅದಕ್ಕೆ ನಿನ್ನ ದಸರೆ ರಜೆ ಬರಬೇಕು. ಅಲ್ಲಿಯವರೆಗೆ ಕಾಗದವೇ ವಾಸಿ. ಇನ್ನು ಮುಂದೆ ಎಡ, ಬಲ ಎಂದು ಬರೆಯುವುದೇ ಇಲ್ಲ. ಕಡ್ಡಿ ಹಿಡಿದ ಕೈ, ದಾರ ಹಿಡಿದ ಕೈ, ಅಷ್ಟೇ. ಯಾವ ಕೈ ಎನ್ನುವುದು ನಿನಗೆ ಬಿಟ್ಟದ್ದು.

ನೀನು ಕೇಳಿದ್ದು ಸೀರೆ ಕುಚ್ಚು. ಅದನ್ನು ಈಗಲೇ ಹೇಳಿಕೊಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ಕುಚ್ಚಿನ ರೇಷ್ಮೆ ದಾರ ಕೂದಲೆಳೆಯಂತೆ ಸಣ್ಣಗೆ, ಅದರ ಕಡ್ಡಿಯ ಮೂತಿ ಸೂಜಿಗಿಂತ ಸ್ವಲ್ಪ ದಪ್ಪ. ಎಲ್ಲಿ ಕಡ್ಡಿ ಚುಚ್ಚಿದೆ, ಯಾವ ಎಳೆ ಹಿಡಿದೆ ಎನ್ನುವುದು ಹೊಸಬರ ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಕೈ ಕಲಿಯುವುದಾದರೂ ಹೇಗೆ? ಮೊದಲು ದಪ್ಪ ದಾರದಲ್ಲಿ ಒಂದು ಚೌಕ ಹೆಣೆ. ಕಂಬ ಎಂದರೇನು, ಅದರ ನೆತ್ತಿ ಎಲ್ಲಿ, ಬುಡ ಎಲ್ಲಿ ಎಂದು ಕಣ್ಣಿಗೆ ಗುರುತಾಗಲಿ. ಆಮೇಲೆ ಕುಚ್ಚಿಗೆ ಬರುವುದು ಕಷ್ಟವಲ್ಲ.

ಈ ಕಾಗದದ ಜೊತೆ ಒಂದು ಪೊಟ್ಟಣ ಬರುತ್ತದೆ. ಅದರಲ್ಲಿ 4 ಮಿ.ಮೀ. ಕಡ್ಡಿ ಒಂದು, ತಿಳಿ ಹಳದಿ ಹತ್ತಿ ದಾರದ ಉಂಡೆ ಎರಡು ಇವೆ. ಅವನ್ನು ಸುಲ್ತಾನ್ ಬಜಾರಿನಿಂದ ತಂದೆ. ನಮ್ಮ ಉಪ್ಪಲ್ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿ, ಪರೇಡ್ ಗ್ರೌಂಡಿನಲ್ಲಿ ಇಳಿದು, ಅಲ್ಲಿಂದ ಬೇರೆ ಗಾಡಿ ಹಿಡಿದರೆ ನೇರ ಸುಲ್ತಾನ್ ಬಜಾರು. 2020ರಲ್ಲಿ ಆ ಎರಡನೆಯ ಲೈನು ಶುರುವಾದ ಮೇಲೆ ನನ್ನಂಥವಳಿಗೆ ಆ ಪೇಟೆ ಹತ್ತಿರವಾಯಿತು. ಇಲ್ಲದಿದ್ದರೆ ಉಪ್ಪಲ್ ರಿಂಗ್ ರೋಡಿನ ಆ ಗದ್ದಲದಲ್ಲಿ, ವರಂಗಲ್ ಕಡೆಯ ಬಸ್ಸುಗಳ ನಡುವೆ ಸಿಟಿ ಬಸ್ಸಿಗೆ ಕಾಯಬೇಕಿತ್ತು. ಅಂಗಡಿಯವನು ನಮ್ಮೂರಿನ ಮುದುಕರು ಆಡುವಂಥದೇ ಉರ್ದು ಆಡುತ್ತಾನೆ. 1956ರವರೆಗೆ ಕಲಬುರಗಿಯೂ ಈ ಊರೂ ಒಂದೇ ರಾಜ್ಯದಲ್ಲಿದ್ದವಲ್ಲ, ಆ ನಂಟು ಮಾತಿನಲ್ಲಿ ಇನ್ನೂ ಉಳಿದಿದೆ.

ತಿಳಿ ಬಣ್ಣವನ್ನು ಬೇಕೆಂದೇ ಆರಿಸಿದ್ದೇನೆ. ವೈನಿ ಮರೂನ್ ಬಣ್ಣದ್ದು ತರಬೇಕಿತ್ತು ಅನ್ನಬಹುದು. ಗಾಢ ಬಣ್ಣದಲ್ಲಿ ಎಳೆ ಎಳೆಗೂ ನೆರಳು ಬಿದ್ದು ಕಂಬಗಳು ಕಾಣುವುದಿಲ್ಲ. ನಯವಾದ ಮುದ್ದು ಉಲ್ಲನ್ ಕೊಳ್ಳೋಣವೆಂದು ನಿನಗೆ ಆಸೆಯಾಗುತ್ತದೆ, ಸದ್ಯಕ್ಕೆ ಅದೂ ಬೇಡ. ನಾರು ನಾರು ಇರುವ ದಾರ ತಪ್ಪನ್ನೆಲ್ಲ ಮುಚ್ಚಿಬಿಡುತ್ತದೆ, ಬಿಚ್ಚಲು ಹೋದರೆ ಒಂದಕ್ಕೊಂದು ಹತ್ತಿಕೊಳ್ಳುತ್ತದೆ. ಇನ್ನೊಂದು ವಿಷಯ ಚೆನ್ನಾಗಿ ನೆನಪಿಡು. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹಳಷ್ಟು ಅಕ್ರಿಲಿಕ್, ಕುರಿಯ ಉಣ್ಣೆಯಲ್ಲ. ಅಕ್ರಿಲಿಕ್ ಬಿಸಿಗೆ ಕರಗುತ್ತದೆ. ನೀನು ಈಗ ಹೆಣೆಯುವುದು ಒಲೆಯಿಂದ ಇಳಿಸಿದ ಪಾತ್ರೆಯ ಕೆಳಗೆ ಇಡುವ ಚೌಕ, ಹಾಗಾಗಿ ಹತ್ತಿಯೇ ಆಗಬೇಕು.

ಇನ್ನು ಕೆಲಸ.

ಕಡ್ಡಿಗೆ ಗಂಟು ಹಾಕಿಕೊಂಡು ಚೈನು ಎಳೆಯುವುದು ನಿನಗೆ ಬರುತ್ತದೆ, ಫೋಟೊದಲ್ಲಿ ನೋಡಿದೆ. ಆದರೆ ಬಹಳ ಬಿಗಿ. ಕುಣಿಕೆಯನ್ನು ಕಡ್ಡಿಯ ಮೂತಿಯ ಹತ್ತಿರ, ಸಣ್ಣಗಿರುವ ಕುತ್ತಿಗೆಯಲ್ಲಿ ಬಿಗಿಯುತ್ತಿದ್ದೀಯ. ಅದನ್ನು ಹಿಂದಕ್ಕೆ, ಕಡ್ಡಿಯ ಮೈ ದಪ್ಪಗಿರುವ ಕಡೆ ಸರಿಸಿಕೊಂಡು ಆಮೇಲೆ ಮುಂದಿನದನ್ನು ಎಳೆ. ಕುಣಿಕೆಯ ಅಳತೆಯನ್ನು ಹೇಳಬೇಕಾದದ್ದು ಕಡ್ಡಿಯ ಮೈ. ಹಾಗೂ ಬಿಗಿಯೇ ಬಂದರೆ ಈ ಮೊದಲ ಚೈನಿಗೆ ಮಾತ್ರ ಒಂದು ಅಳತೆ ದೊಡ್ಡ ಕಡ್ಡಿ ಹಿಡಿ. ಬುಡದ ಚೈನು ಬಿಗಿಯಾದರೆ ಮೇಲೆ ಎಷ್ಟು ಚೆನ್ನಾಗಿ ಹೆಣೆದರೂ ಕೆಳಗಿನ ಅಂಚು ಒಳಕ್ಕೆ ಎಳೆದುಕೊಂಡು ಚೌಕ ಬೀಸಣಿಗೆಯಾಗುತ್ತದೆ.

ನಿನಗೆ ಬೇಕಾದದ್ದು ಎರಡೇ ಕಂಬ, ಗಿಡ್ಡ ಮತ್ತು ಉದ್ದ.

ಗಿಡ್ಡಕ್ಕೆ ಹೀಗೆ: ಕಡ್ಡಿಯ ಮೇಲೆ ಒಂದು ಕುಣಿಕೆ ಇದೆ. ಕಡ್ಡಿಯನ್ನು ಕೆಳಗಿನ ಚೈನಿನ ಅಥವಾ ಕಂಬದ ನೆತ್ತಿಗೆ ತೂರಿಸು, ದಾರ ಸುತ್ತು, ಈಚೆ ಎಳೆ. ಈಗ ಎರಡು ಕುಣಿಕೆ. ಮತ್ತೆ ದಾರ ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆ. ಮುಗಿಯಿತು.

ಉದ್ದಕ್ಕೆ ತೂರಿಸುವ ಮೊದಲೇ ಕಡ್ಡಿಗೆ ಒಂದು ಸಲ ದಾರ ಸುತ್ತಿಕೋ. ಆಮೇಲೆ ತೂರಿಸಿ, ಸುತ್ತಿ, ಈಚೆ ಎಳೆದರೆ ಮೂರು ಕುಣಿಕೆ ಇರುತ್ತವೆ. ಸುತ್ತಿ ಎರಡರೊಳಗಿಂದ ಎಳೆ, ಎರಡು ಉಳಿಯುತ್ತವೆ. ಮತ್ತೆ ಸುತ್ತಿ ಆ ಎರಡರೊಳಗಿಂದ ಎಳೆ. ಮೊದಲು ಸುತ್ತಿಕೊಂಡ ಆ ಒಂದು ಸುತ್ತೇ ಕಂಬವನ್ನು ಎತ್ತರ ಮಾಡುವುದು.

ಗಿಡ್ಡಕ್ಕೆ ಅಮೆರಿಕದವರು ಸಿಂಗಲ್ ಎನ್ನುತ್ತಾರೆ, ಬ್ರಿಟಿಷರು ಡಬಲ್ ಎನ್ನುತ್ತಾರೆ. ಉದ್ದಕ್ಕೆ ಅಮೆರಿಕದಲ್ಲಿ ಡಬಲ್, ಬ್ರಿಟನ್ನಿನಲ್ಲಿ ಟ್ರೆಬಲ್. ಪುಸ್ತಕ ಕೈಗೆ ಸಿಕ್ಕರೆ ಮೊದಲು ಅದು ಯಾವ ದೇಶದ್ದು ನೋಡಿಕೋ. ಗಿಡ್ಡ, ಉದ್ದ ಎಂದುಕೊಂಡರೆ ಈ ತಕರಾರೇ ಇಲ್ಲ.

25 ಚೈನು ಎಳೆ. ಕಡ್ಡಿಗೆ ಹತ್ತಿರದ ಒಂದು ಚೈನನ್ನು ಬಿಟ್ಟುಬಿಡು, ಅದು ಏರುವುದಕ್ಕೆ. ಎರಡನೆಯದರಲ್ಲಿ ಗಿಡ್ಡ, ಮೂರನೆಯದರಲ್ಲಿ ಉದ್ದ, ಮುಂದಿನದರಲ್ಲಿ ಗಿಡ್ಡ, ಅದರ ಮುಂದಿನದರಲ್ಲಿ ಉದ್ದ. ಹೀಗೇ ಕೊನೆಯವರೆಗೆ. 24 ಕಂಬ ಬರುತ್ತವೆ, ಕೊನೆಯದು ಉದ್ದ. ಈಗ ಒಂದು ಚೈನು ಎಳೆದು ಬಟ್ಟೆಯನ್ನು ತಿರುಗಿಸು. ಆ ಒಂದು ಚೈನನ್ನು ಕಂಬವೆಂದು ಲೆಕ್ಕ ಹಿಡಿಯಬೇಡ. ತಿರುಗಿಸಿದಾಗ ಕಡ್ಡಿಯ ಕೆಳಗೆ ಮೊದಲು ಸಿಗುವುದು ನೀನು ಈಗಷ್ಟೇ ಹಾಕಿದ ಉದ್ದ. ಅದರ ನೆತ್ತಿಗೆ ಗಿಡ್ಡ ಹಾಕು. ಪಕ್ಕದಲ್ಲಿ ಗಿಡ್ಡ ಇದೆ, ಅದರ ನೆತ್ತಿಗೆ ಉದ್ದ ಹಾಕು. ಇಷ್ಟೇ, ಚಿನ್ನಿ. ಇಡೀ ಚೌಕ ಇಷ್ಟರಲ್ಲೇ ಇದೆ. ಎಲ್ಲ ಸಾಲೂ ಗಿಡ್ಡದಿಂದ ಶುರು, ಉದ್ದಕ್ಕೆ ಮುಕ್ತಾಯ. 24 ಸರಿಸಂಖ್ಯೆ ಆದ್ದರಿಂದ ಅದು ತಾನಾಗಿಯೇ ಹಾಗೆ ಬರುತ್ತದೆ.

ಮೊದಲ ಎರಡು ಸಾಲಿನಲ್ಲಿ ಏನೂ ಚಂದ ಕಾಣುವುದಿಲ್ಲ. ಸೊಟ್ಟಪಟ್ಟ ಪಟ್ಟಿಯೊಂದು ನೇತಾಡುತ್ತಿರುತ್ತದೆ. ನಾಲ್ಕನೆಯ ಸಾಲು ಮುಗಿಯುವ ತನಕ ಬಿಚ್ಚಬೇಡ, ಇದು ನನ್ನ ಆಣೆ. ಅಷ್ಟು ಹೊತ್ತಿಗೆ ಬಟ್ಟೆಯ ಮೈಮೇಲೆ ಹರಳು ಹರಳಾಗಿ ಉಬ್ಬುಗಳು ಏಳುತ್ತವೆ. ನಿಂಬೆಹಣ್ಣಿನ ಸಿಪ್ಪೆಯನ್ನು ಹೆಬ್ಬೆರಳಿನಿಂದ ಸವರಿದರೆ ಹೇಗಿರುತ್ತದೋ ಹಾಗೆ. ಇಂಗ್ಲಿಷಿನವರು ಇದಕ್ಕೆ ಲೆಮನ್ ಪೀಲ್ ಎಂದೇ ಹೆಸರಿಟ್ಟಿದ್ದಾರೆ, ಹುಡುಕಬೇಕಾದರೆ ಆ ಹೆಸರಿನಲ್ಲಿ ಹುಡುಕು. ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ, ಒಳಮೈ ಹೊರಮೈ ಎನ್ನುವ ಭೇದವಿಲ್ಲ. ಎಡಗೈಯವರು ಹೆಣೆದದ್ದಕ್ಕೂ ಬಲಗೈಯವರು ಹೆಣೆದದ್ದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವೂ ಇಲ್ಲ. ನಿನಗೆ ಇದನ್ನೇ ಆರಿಸಿದ್ದಕ್ಕೆ ಅದೂ ಒಂದು ಕಾರಣ.

ಉಬ್ಬು ಯಾಕೆ ಬರುತ್ತದೆಂದು ನೀನು ಕೇಳದೆ ಬಿಡುವವಳಲ್ಲ. ಉದ್ದ ಕಂಬದ ಎರಡೂ ಪಕ್ಕ ಗಿಡ್ಡಗಳು ನಿಂತಿರುತ್ತವೆ. ಅದು ನೆಟ್ಟಗೆ ನಿಲ್ಲಬೇಕೆಂದರೆ ಮೇಲೆ ಜಾಗ ಬೇಕು. ಆದರೆ ಮೇಲಿನ ಸಾಲು ಅಕ್ಕಪಕ್ಕದ ಗಿಡ್ಡಗಳ ಎತ್ತರಕ್ಕೆ ಅದನ್ನು ಒತ್ತಿ ಹಿಡಿಯುತ್ತದೆ. ಮೇಲೆ ಹೋಗಲಾರದ ಕಂಬ ಸೊಂಟ ಬಾಗಿಸಿ ಹೊರಕ್ಕೆ ಉಬ್ಬುತ್ತದೆ. ಅಂದರೆ ಈ ಚಂದವೆಲ್ಲ ಆ ಇಕ್ಕಟ್ಟಿನಿಂದ ಬಂದದ್ದು, ಬೇರೆ ಯಾವ ಅಲಂಕಾರವನ್ನೂ ಅದಕ್ಕೆ ಸೇರಿಸಿಲ್ಲ. ಹಾಗಾದರೆ ಬಟ್ಟೆ ಸುಕ್ಕುಗಟ್ಟಬೇಕಲ್ಲವೇ? ಕಟ್ಟುವುದಿಲ್ಲ, ಯಾಕೆಂದರೆ ಮುಂದಿನ ಸಾಲಿನಲ್ಲಿ ಉದ್ದದ ನೆತ್ತಿಗೆ ಗಿಡ್ಡ ಬಂತು, ಗಿಡ್ಡದ ನೆತ್ತಿಗೆ ಉದ್ದ ಬಂತು. ಎರಡೆರಡು ಸಾಲಿಗೊಮ್ಮೆ ಎಲ್ಲ ಕಡೆಯೂ ಎತ್ತರ ಸಮವಾಗುತ್ತದೆ. ಮೈಯೆಲ್ಲ ಉಬ್ಬುತಗ್ಗು ಇದ್ದರೂ ಒಟ್ಟು ಬಟ್ಟೆ ನೆಲಕ್ಕೆ ಹಾಸಿದರೆ ಸಪಾಟು ಮಲಗುತ್ತದೆ. ನಿಮ್ಮ ಮಾಮ ಇಲ್ಲಿನ ಸರ್ವೆ ತರಬೇತಿ ಸಂಸ್ಥೆಯಲ್ಲಿ ವರ್ಷಗಟ್ಟಲೆ ಗುಡ್ಡಗಳನ್ನು ಕಾಗದಕ್ಕೆ ಇಳಿಸಿದವರು. ಈ ಚೌಕವನ್ನು ಕೈಗೆ ಕೊಟ್ಟರೆ ಕನ್ನಡಕ ಏರಿಸಿಕೊಂಡು ಎರಡೂ ಬದಿ ತಿರುವಿ ತಿರುವಿ ನೋಡುತ್ತಾರೆ.

ನಿನಗೆ ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಇದು: ಈ ಹೆಣಿಗೆಗೆ ಕಾಗದ ನೋಡಬೇಕಿಲ್ಲ, ಎಣಿಸಬೇಕಿಲ್ಲ. ಕೆಳಗಿನ ಸಾಲು ನೋಡಿದರೆ ಸಾಕು, ಮೇಲೆ ಏನು ಹಾಕಬೇಕೆಂದು ಅದೇ ಹೇಳುತ್ತದೆ. ಉಬ್ಬಿಕೊಂಡದ್ದು ಉದ್ದ, ಅದರ ನಡುವಿಗೆ ಓರೆಯಾಗಿ ಒಂದು ಎಳೆ ಸುತ್ತಿರುತ್ತದೆ. ಒಳಗೆ ಅಡಗಿ ಕೂತದ್ದು ಗಿಡ್ಡ. ಫೋನು ಬಂತು, ಹಾಲು ಉಕ್ಕಿತು, ಎದ್ದು ಹೋದೆ ಎಂದಿಟ್ಟುಕೋ. ಬಂದು ಕೂತು ನೋಡಿದರೆ ಬಿಟ್ಟ ಜಾಗ ತಾನೇ ತಿಳಿಯುತ್ತದೆ. ಸಾಲು ಸಾಲಿಗೂ ಲೆಕ್ಕ ಬರೆದ ನಮೂನೆಗಳನ್ನು ಮೊದಲೇ ಹಿಡಿದವರು ಎಷ್ಟೋ ಕಾಲ ಅಂಕಿಗಳನ್ನೇ ನೋಡುತ್ತಾರೆ, ಕೈಯಲ್ಲಿರುವ ಬಟ್ಟೆಯನ್ನು ನೋಡುವುದಿಲ್ಲ. ನೀನು ಬಟ್ಟೆಯನ್ನು ಓದುವುದರಿಂದಲೇ ಶುರು ಮಾಡಬೇಕೆಂದು ನನ್ನ ಆಸೆ. ಕುಚ್ಚಿನಲ್ಲಿ ಕಂಬಗಳು ಅಕ್ಕಿನುಚ್ಚಿನಷ್ಟು ಸಣ್ಣವಾದಾಗ ಆ ಓದು ನಿನ್ನನ್ನು ಕಾಯುತ್ತದೆ.

ತಪ್ಪಾದರೂ ಬಟ್ಟೆಯೇ ಹೇಳುತ್ತದೆ. ಪಕ್ಕದ ಅಂಚು ಒಳಕ್ಕೆ ಓರೆಯಾಗುತ್ತಿದ್ದರೆ ಸಾಲಿನ ಕೊನೆಯ ಕಂಬವನ್ನು ಬಿಡುತ್ತಿದ್ದೀಯ. ಕೊನೆಯದು ಮುದುಡಿ ಹಿಂದೆ ಅಡಗಿಕೊಳ್ಳುತ್ತದೆ, ಬೆರಳಲ್ಲಿ ಬಿಡಿಸಿ ಹುಡುಕು. ಅಂಚು ಹೊರಕ್ಕೆ ಹರಡುತ್ತಿದ್ದರೆ ಏರಲು ಹಾಕಿದ ಚೈನಿನ ಮೇಲೂ ಕಂಬ ಹಾಕುತ್ತಿದ್ದೀಯ. ನಡುವೆ ಎಲ್ಲೋ ಹರಳು ಹರಳು ಹೋಗಿ ಉದ್ದುದ್ದ ಪಟ್ಟೆ ಎದ್ದರೆ ಗಿಡ್ಡದ ಮೇಲೆ ಗಿಡ್ಡ, ಉದ್ದದ ಮೇಲೆ ಉದ್ದ ಬಿದ್ದಿದೆ. ಆ ಸಾಲಿನವರೆಗೆ ಬಿಚ್ಚು. ಕ್ರೋಶಾ ಬಿಚ್ಚಲು ಹೆದರಬೇಕಾಗಿಲ್ಲ. ಕಡ್ಡಿ ಹೊರಗೆ ತೆಗೆದು ದಾರ ಎಳೆದರೆ ಒಂದೊಂದೇ ಕಂಬ ಕಳಚಿ ಬರುತ್ತದೆ, ಬೇಕಾದ ಕಡೆ ನಿಲ್ಲಿಸಿ ಆ ಒಂದೇ ಕುಣಿಕೆಗೆ ಕಡ್ಡಿ ಹಾಕಿದರಾಯಿತು. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಹಾಗಲ್ಲ. ಅಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಬಾಯಿ ತೆರೆದು ಕಡ್ಡಿಯ ಮೇಲೆ ಕಾಯುತ್ತಿರುತ್ತವೆ, ಕಡ್ಡಿ ಜಾರಿದರೆ ಎಲ್ಲ ಒಟ್ಟಿಗೆ ಜಾರುತ್ತವೆ.

ಮೆಟ್ರೊದಲ್ಲಿ ನಾನು ಹೆಣೆಯುವುದು ಇದನ್ನೇ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಏನಾದರೂ ಕಾರ್ಯಕ್ರಮವಿದ್ದರೆ ಚೀಲದಲ್ಲಿ ಒಂದು ಚೌಕ ಇದ್ದೇ ಇರುತ್ತದೆ, ಭಾಷಣ ಕೇಳುತ್ತಾ ಸಾಲು ಮುಗಿಯುತ್ತದೆ. ಕ್ರಿಕೆಟ್ ಇರುವ ದಿನ ಸ್ಟೇಡಿಯಂ ಸ್ಟೇಷನ್ನಿನಲ್ಲಿ ನೀಲಿ, ಕಿತ್ತಳೆ ಅಂಗಿಯ ಹುಡುಗರು ತುಂಬಿಕೊಂಡು ಉಸಿರಾಡಲು ಜಾಗವಿರುವುದಿಲ್ಲ. ಆಗ ಮಾತ್ರ ಚೀಲದ ಒಳಗೆ ಇಡುತ್ತೇನೆ.

ಇದನ್ನೆಲ್ಲ ನನಗೆ ಕಲಿಸಿದವರು ನಮ್ಮ ಕೆಳಗಿನ ಮನೆಯ ಪಿನ್ನಿ. ಎಲ್ಲರೂ ಅವರನ್ನು ಪಿನ್ನಿ ಎಂದೇ ಕರೆಯುವುದು. ತವರು ಆಂಧ್ರದ ಪಶ್ಚಿಮ ಗೋದಾವರಿ, ನರಸಾಪುರದ ಹತ್ತಿರದ ಹಳ್ಳಿ. ಗೋದಾವರಿ ಸಮುದ್ರ ಸೇರುವ ಆ ಕಡೆ ಕ್ರೋಶಾ ಲೇಸು ಮನೆಮನೆಯ ಕೆಲಸ. 19ನೇ ಶತಮಾನದ ನಡುವೆ, 1844ರ ಹೊತ್ತಿಗೆ ಎಂದು ಹೇಳುತ್ತಾರೆ, ಸ್ಕಾಟ್ಲೆಂಡಿನ ಮಿಷನರಿಗಳು ಅಲ್ಲಿನ ಬಡ ಹೆಂಗಸರಿಗೆ ಇದನ್ನು ಕಲಿಸಿದರು. ಅದೇ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರ ಬಿತ್ತು. ಅಲ್ಲಿಯ ಸನ್ಯಾಸಿನಿಯರೂ ಹಸಿದ ಮನೆಗಳ ಹೆಣ್ಣುಮಕ್ಕಳಿಗೆ ಕ್ರೋಶಾ ಕಡ್ಡಿ ಕೊಟ್ಟರು. ಎಲ್ಲಿಯ ಐರ್ಲೆಂಡು, ಎಲ್ಲಿಯ ಗೋದಾವರಿ! ಎರಡೂ ಕಡೆ ಒಂದು ಕಡ್ಡಿ, ಒಂದು ದಾರದ ಉಂಡೆ, ಮನೆಯಿಂದ ಹೊರಬೀಳದೆ ನಾಲ್ಕು ಕಾಸು. ಬಂಡವಾಳ ಬೇಡದ ಕೆಲಸವಾದ್ದರಿಂದ ಬಡವರಿಗೆ ಅದು ಹಿಡಿಸಿತು. ಬೆಲೆ ಕಟ್ಟುವವರು ಮಾತ್ರ ಎರಡೂ ಕಡೆ ಬೇರೆಯವರೇ.

ಪಿನ್ನಿ ಏಳೆಂಟು ವರ್ಷದವರಿದ್ದಾಗಲೇ ಕಡ್ಡಿ ಹಿಡಿದರಂತೆ. ಅವರ ಓಣಿಯಲ್ಲಿ ಒಬ್ಬಳು ಹೂವು ಮಾಡಿದರೆ ಇನ್ನೊಬ್ಬಳು ಹೂವುಗಳನ್ನು ಜೋಡಿಸುತ್ತಿದ್ದಳು. ಏಜೆಂಟರು ದಾರ ಕೊಟ್ಟು ಹೋಗಿ, ಮತ್ತೆ ಬಂದು ಲೇಸು ತೂಗಿಕೊಂಡು ಒಯ್ಯುತ್ತಿದ್ದರು. ಹೂವು ಮಾಡಿದವಳು ಆ ಹೂವು ಸೇರಿದ ಮೇಜುಹಾಸನ್ನು ಜೀವಮಾನದಲ್ಲಿ ನೋಡಿದ್ದೇ ಇಲ್ಲ. "ನಾನು ಮಾಡಿದ ಪೂಲು ಯಾವ ದೇಶದ ಬಲ್ಲದ ಮೇಲಿದೆಯೋ" ಎಂದು ತೆಲುಗು ಕನ್ನಡ ಬೆರೆಸಿ ಒಮ್ಮೆ ಅಂದರು. ಪೂಲು ಎಂದರೆ ಹೂವು, ಬಲ್ಲ ಎಂದರೆ ಮೇಜು. ನನಗೆ ಉತ್ತರ ಹೊಳೆಯಲಿಲ್ಲ, ಸುಮ್ಮನೆ ಚಹಾ ಸೋಸಿದೆ.

ಮರಿಯಾ ಮೀಸ್ ಎಂಬ ಜರ್ಮನ್ ಸಮಾಜವಿಜ್ಞಾನಿ 1970ರ ದಶಕದ ಕೊನೆಯಲ್ಲಿ ಆ ಹಳ್ಳಿಗಳಲ್ಲಿ ಕೂತು, ಈ ಹೆಂಗಸರನ್ನು ಕೇಳಿ, 1982ರಲ್ಲಿ ನರಸಾಪುರದ ಲೇಸು ಹೆಣೆಯುವವರ ಮೇಲೆ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ಇದು: ಹೆಂಗಸರು ದಿನಕ್ಕೆ ಆರೆಂಟು ಗಂಟೆ ಹೆಣೆಯುತ್ತಿದ್ದರು, ಆ ದುಡಿಮೆಗೆ ಒಂದು ರೂಪಾಯಿಯೂ ಹುಟ್ಟುತ್ತಿರಲಿಲ್ಲ. ಲೇಸು ಮಾತ್ರ ಹಡಗು ಹತ್ತಿ ಹೊರದೇಶಕ್ಕೆ ಹೋಗಿ ವ್ಯಾಪಾರಿಗಳಿಗೆ ಮನೆ ಕಟ್ಟಿಸುತ್ತಿತ್ತು. ಇಷ್ಟು ಕಡಿಮೆ ಕೊಟ್ಟರೂ ನಡೆದದ್ದು ಹೇಗೆ? ಇವರು ಕೆಲಸಗಾರರೇ ಅಲ್ಲ, ಗೃಹಿಣಿಯರು, ಬಿಡುವಿನಲ್ಲಿ ಕೂತು ಏನೋ ಮಾಡುತ್ತಾರೆ ಎಂದು ಎಲ್ಲರೂ ನಂಬಿದ್ದರು. ವ್ಯಾಪಾರಿಯೂ ನಂಬಿದ್ದ, ಮನೆಯ ಗಂಡಸರೂ ನಂಬಿದ್ದರು. ಹೊರಗೆ ದುಡಿಯಲು ಹೋಗದಿರುವುದೇ ಮರ್ಯಾದೆ ಎನ್ನುವ ಮನೆಗಳ ಹೆಂಗಸರಿಗೂ ಹಾಗೆ ನಂಬಿಕೊಳ್ಳುವುದು ಬೇಕಾಗಿತ್ತು. ಹೊಲಕ್ಕೆ ಹೋಗುವ ಕೂಲಿಯವಳಿಗೆ ಇವರಿಗಿಂತ ಹೆಚ್ಚು ಸಿಗುತ್ತಿತ್ತು.

2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿತು. ಆ ಸುದ್ದಿಯನ್ನು ಪಿನ್ನಿಗೆ ಓದಿ ಹೇಳಿದವಳು ನಾನೇ. ಅವರು ಬಹಳ ಸಂತೋಷಪಟ್ಟರು, ಊರಿನ ಹೆಸರು ಉಳಿಯಿತು ಎಂದರು. ನನಗೂ ಸಂತೋಷವೇ. ಆ ಹೆಸರಿನ ಬೆಲೆ ಹೂವು ಮಾಡುವ ಕೈಗಳವರೆಗೂ ಇಳಿಯಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಗೊತ್ತೇ? ನಿನ್ನೆ ನೀನು ಕುಚ್ಚಿನ ಮಾತೆತ್ತಿದಾಗ ಹಿಂದಿನಿಂದ ವೈನಿ ಹೇಳಿದ್ದು ನನಗೆ ಕೇಳಿಸಿತು: "ಖಾಲಿ ಕುಂತಾಗ ಮಾಡ್ತಾಳ ಬಿಡ್ರಿ, ಕಾಲೇಜಿನ ಖರ್ಚಿಗಾದ್ರೂ ಆಗ್ತದ." ಅವಳು ಪ್ರೀತಿಯಿಂದಲೇ ಹೇಳಿದ್ದು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಖಾಲಿ ಕೂತಾಗ ಎನ್ನುವ ಆ ಎರಡು ಮಾತು ನನ್ನನ್ನು ಚುಚ್ಚಿತು. ನೀನು ಯಾವಾಗ ಖಾಲಿ ಕೂತಿರುತ್ತೀ? ಬೆಳಿಗ್ಗೆ ಕಾಲೇಜು, ಬಂದಮೇಲೆ ರೊಟ್ಟಿ ತಟ್ಟುವುದು, ರಾತ್ರಿ ಓದು. ಕುಚ್ಚು ಹಾಕುವ ಹೊತ್ತು ಇವುಗಳಲ್ಲಿ ಯಾವುದನ್ನಾದರೂ ಕಿತ್ತು ತಂದ ಹೊತ್ತೇ ಆಗಿರುತ್ತದೆ.

ನಿಮ್ಮ ಪೇಟೆಯ ಆ ಅಂಗಡಿಯವರು ಒಂದು ಸೀರೆಗೆ ಇನ್ನೂರು ಕೊಡುತ್ತಾರೆ, ದಾರ ಮಣಿ ನಮ್ಮದೇ ಎಂದೆ. ನಿನ್ನ ಗೆಳತಿಗೆ ಒಂದು ಸೀರೆಗೆ ಎರಡು ರಾತ್ರಿ ಹಿಡಿಯುತ್ತದೆ ಎಂದೂ ನೀನೇ ಹೇಳಿದೆ. ಹಾಗಾದರೆ ಕಡ್ಡಿ ಹಿಡಿಯುವ ಮೊದಲೇ ಒಂದು ನೋಟುಬುಕ್ಕು ಇಟ್ಟುಕೋ. ಕಂಬ ಎಣಿಸಬೇಡ ಎಂದೆನಲ್ಲ, ಗಂಟೆಗಳನ್ನು ಮಾತ್ರ ಎಣಿಸು. ಎಷ್ಟು ಹೊತ್ತಿಗೆ ಕೂತೆ, ಎಷ್ಟು ಹೊತ್ತಿಗೆ ಎದ್ದೆ, ದಾರಕ್ಕೆ ಎಷ್ಟು ಹೋಯಿತು, ಮಣಿಗೆ ಎಷ್ಟು. ಸೀರೆ ಮುಗಿದಾಗ ಖರ್ಚು ಕಳೆದು ಗಂಟೆಗೆ ಭಾಗಿಸಿ ನೋಡು. ಆ ಅಂಕಿಯನ್ನು ವೈನಿಗೂ ತೋರಿಸು, ಅಣ್ಣನಿಗೂ ತೋರಿಸು. ಆಮೇಲೆ ಅಂಗಡಿಗೆ ಹೋಗಿ ನಿನ್ನ ದರ ಹೇಳು. ಒಬ್ಬಳೇ ಹೋಗಬೇಡ, ಗೆಳತಿಯೂ ಜೊತೆಗಿರಲಿ, ಇಬ್ಬರೂ ಒಂದೇ ದರ ಹೇಳಿ. ಒಬ್ಬಳು ಇಳಿಸಿದರೆ ಇನ್ನೊಬ್ಬಳೂ ಇಳಿಸಲೇಬೇಕಾಗುತ್ತದೆ. ನರಸಾಪುರದಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಬಾಗಿಲ ಹಿಂದೆ ಕೂತಿದ್ದರು, ಪಕ್ಕದ ಮನೆಯವಳಿಗೆ ಎಷ್ಟು ಕೂಲಿ ಸಿಕ್ಕಿತೆಂದು ತಿಳಿಯುತ್ತಿರಲಿಲ್ಲ ಎನ್ನುತ್ತಾರೆ ಪಿನ್ನಿ.

ಇನ್ನೂ ಒಂದು ಮಾತು. ಮಾಲ್‌ನಲ್ಲಿ ಅಗ್ಗಕ್ಕೆ ನೇತುಹಾಕಿದ ಕ್ರೋಶಾ ಟಾಪ್ ಕಂಡರೆ ಕೈಗೆ ತೆಗೆದುಕೊಂಡು ಹತ್ತಿರದಿಂದ ನೋಡು. ಸ್ವೆಟರನ್ನು ಯಂತ್ರ ಹೆಣೆಯುತ್ತದೆ. ಕ್ರೋಶಾವನ್ನು ನಿಜವಾಗಿ ಹೆಣೆಯುವ ಯಂತ್ರ ಕಾರ್ಖಾನೆಗಳಿಗೆ ಇಂದಿಗೂ ಬಂದಿಲ್ಲ. ಒಂದೊಂದು ಕಂಬವನ್ನೂ ಪೂರ್ತಿ ಮುಗಿಸಿ, ಮುಂದಿನದಕ್ಕೆ ಬಟ್ಟೆಯ ಎಲ್ಲಿಗೆ ಬೇಕಾದರೂ ಕಡ್ಡಿ ತೂರಿಸುವ ಈ ಚಲನೆ ಯಂತ್ರಕ್ಕೆ ಬಲು ಕಷ್ಟ. ಕ್ರೋಶಾದಂತೆ ಕಾಣುವ ಯಂತ್ರದ ಲೇಸು ಇದೆ, ಅದರಲ್ಲಿ ಕಂಬದ ಬುಡ, ನೆತ್ತಿ ಹುಡುಕಿದರೆ ಸಿಗುವುದಿಲ್ಲ. ಸಿಕ್ಕಿದರೆ ಅದು ಎಲ್ಲೋ ಒಬ್ಬ ಹೆಂಗಸಿನ ಕೈ. ಆ ಬೆಲೆಚೀಟಿಯಲ್ಲಿ ಅವಳ ಪಾಲು ಎಷ್ಟಿರಬಹುದೆಂದು ಲೆಕ್ಕ ಹಾಕು, ನಿನಗೆ ಈಗ ಅದು ಬರುತ್ತದೆ.

ಮತ್ತೆ ಚೌಕಕ್ಕೆ ಬರುತ್ತೇನೆ. ಅಗಲ ಎಷ್ಟಿದೆಯೋ ಎತ್ತರವೂ ಅಷ್ಟಾದಾಗ ನಿಲ್ಲಿಸು. ಕೋನವನ್ನು ಎದುರು ಕೋನಕ್ಕೆ ಮಡಿಚಿ ನೋಡಿದರೆ ತಿಳಿಯುತ್ತದೆ. ನಿನ್ನ ಕೈಯಲ್ಲಿ ಅದು ಒಂದು ಗೇಣಿಗೆ ಸ್ವಲ್ಪ ಕಡಿಮೆ ಬರಬಹುದು. ದಾರವನ್ನು ಅರ್ಧ ಮೊಳ ಬಿಟ್ಟು ಕತ್ತರಿಸು. ಕೊನೆಯ ಕುಣಿಕೆಯೊಳಗಿಂದ ಆ ತುದಿಯನ್ನು ಪೂರ್ತಿ ಎಳೆದು ಬಿಗಿ ಮಾಡು. ದಪ್ಪ ಕಣ್ಣಿನ ಸೂಜಿಗೆ ಪೋಣಿಸಿ ಕಂಬಗಳ ಒಳಗೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಓಡಿಸು. ಇದೇ ಬೇಸರದ ಕೆಲಸ, ಇದನ್ನು ಬಿಟ್ಟರೆ ನಾಲ್ಕು ಒಗೆತಕ್ಕೆ ಎಲ್ಲ ಸಡಿಲವಾಗುತ್ತದೆ. ಹತ್ತಿ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ, ಗಾಬರಿಯಾಗಬೇಡ. ಒದ್ದೆ ಇರುವಾಗಲೇ ನಾಲ್ಕೂ ಮೂಲೆ ಎಳೆದು ನೇರ ಮಾಡಿ ನೆರಳಿನಲ್ಲಿ ಹಾಸಿ ಒಣಗಿಸು. ಇಸ್ತ್ರಿ ಬೇಡ, ಉಬ್ಬೆಲ್ಲ ಚಪ್ಪಟೆಯಾಗುತ್ತದೆ.

ಎರಡನೆಯ ಉಂಡೆಯಲ್ಲಿ ಇನ್ನೊಂದು ಹೆಣೆ, ಈ ಸಲ 25ರ ಬದಲು 26 ಚೈನು ಹಾಕಿ ನೋಡು. ಬೆಸಸಂಖ್ಯೆಯ ಕಂಬಗಳಲ್ಲಿ ಸಾಲು ಗಿಡ್ಡಕ್ಕೆ ಮುಗಿಯುತ್ತದೆ, ತಿರುಗಿಸಿದಾಗ ಗಿಡ್ಡವೇ ಎದುರಾಗುತ್ತದೆ. ಆಗ ಎಲ್ಲಿಂದ ಶುರು ಮಾಡಬೇಕೆಂದು ನಾನು ಬರೆಯುವುದಿಲ್ಲ, ಕೆಳಗಿನ ಸಾಲು ನೋಡಿ ನೀನೇ ಕಂಡುಕೋ. ಎರಡೂ ಚೌಕಗಳನ್ನು ದಸರೆಗೆ ಬರುವಾಗ ತಗೊಂಡು ಬಾ, ಪಿನ್ನಿಗೆ ತೋರಿಸೋಣ. ಕುಚ್ಚಿನ ಸಣ್ಣ ಕಡ್ಡಿಯೂ ರೇಷ್ಮೆ ದಾರವೂ ಇಲ್ಲಿ ತಂದಿಟ್ಟಿರುತ್ತೇನೆ.

ಅಣ್ಣನಿಗೆ, ವೈನಿಗೆ ನಮಸ್ಕಾರ ತಿಳಿಸು. ಮುತ್ಯಾನ ಕಾಲುನೋವು ಹೇಗಿದೆ ಎಂದು ಬರಿ. ಮಾಮ ನಿನ್ನನ್ನು ಕೇಳಿದೆ ಎಂದು ಹೇಳಲು ಹೇಳಿದ್ದಾರೆ.

ನಿನ್ನ ಪ್ರೀತಿಯ
ಅತ್ತಿ